ಚುಕ್ಕೆಯೋ ಬಾಣವೋ

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಲಿಫ್ಟ್ ತಯಾರಿಸುವ ಕಂಪನಿಯೊಂದರಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದರು. ಹತ್ತು ಜನ ಹತ್ತು ಮಹಡಿಯಲ್ಲಿ ಗುಂಡಿ ಒತ್ತಿದರೆ ಲಿಫ್ಟು ಮೊದಲು ಎಲ್ಲಿಗೆ ಹೋಗಬೇಕು, ಎಲ್ಲಿ ಬಾಗಿಲು ತೆಗೆಯಬೇಕು, ಎಷ್ಟು ಹೊತ್ತು ಕಾಯಬೇಕು ಎಂಬುದೆಲ್ಲ ಅವರ ತಲೆಯಿಂದ ಬಂದದ್ದು. ಹೊಸದಾಗಿ ಸೇರಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಿ ಭಾಷೆ ಕಲಿಸುವ ಚಾಳಿ ಇದ್ದುದರಿಂದ ಆ ಹೆಸರು ಅಂಟಿಕೊಂಡಿತು. ಮ್ಯಾನೇಜರೂ ಹಾಗೇ ಕರೆದರು, ಮೆಕ್ಯಾನಿಕ್ಕುಗಳೂ ಹಾಗೇ ಕರೆದರು. ಇಷ್ಟೆಲ್ಲ ಆದರೂ ಅವರು ಬಾಡಿಗೆಗಿದ್ದ ಮೂರನೇ ಮಹಡಿಯ ಮನೆಗೆ ಲಿಫ್ಟ್ ಇರಲಿಲ್ಲ. ಅಡುಗೆಯವನ ಮನೆಯಲ್ಲಿ ಒಲೆ ಉರಿಯಲ್ಲ ಅಂತಾರಲ್ಲ, ಹಾಗೆ ಎಂದು ಅವರ ಹೆಂಡತಿ ಮೆಟ್ಟಿಲು ಹತ್ತುವಾಗಲೆಲ್ಲ ನಗುತ್ತಿದ್ದಳು.

ಅವಳು ನಗುತ್ತಿದ್ದುದು ಮೊದಲು. ಆಗ ಅವಳು ಬಟ್ಟೆ ಅಂಗಡಿಯೊಂದರ ಹಿಂಬದಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದಳು. ಪ್ಯಾಂಟು ಗಿಡ್ಡ ಮಾಡುವುದು, ಸೊಂಟ ಬಿಡಿಸುವುದು, ಜಿಪ್ ಬದಲಾಯಿಸುವುದು ಅವಳ ಕೆಲಸ. ಬೆಳಿಗ್ಗೆ ಹೋಗುವಾಗ ಒಬ್ಬಳೇ, ಸಂಜೆ ಬರುವಾಗ ಒಬ್ಬಳೇ. ಆ ಒಂಟಿ ನಡಿಗೆಗೆ ಬೆಲೆ ಇದೆ ಎಂದು ಅವಳಿಗೆ ಆಗ ಗೊತ್ತಿರಲಿಲ್ಲ.

ಮೇಷ್ಟ್ರ ಎಡಗಣ್ಣು ಮೊದಲು ಹೋಯಿತು. ಕಣ್ಣಿನ ಹಿಂಪರದೆ, ಅಂದರೆ ರೆಟಿನಾ, ಹರಿದಿದೆ ಎಂದರು ಡಾಕ್ಟರು. ಹೊಲಿಗೆ ಹಾಕಿದ ಹಾಗೆ ಏನೋ ಮಾಡಿದರು, ನಿಲ್ಲಲಿಲ್ಲ. ಬಲಗಣ್ಣೂ ಅದೇ ದಾರಿ ಹಿಡಿಯಿತು. ಕಿಟಕಿ ಯಾವ ಕಡೆ ಇದೆ ಎಂದು ತಿಳಿಯುವಷ್ಟು ಬೆಳಕು ಮಾತ್ರ ಉಳಿಯಿತು. ಊರಿನ ಶಾಖೆ ಮುಚ್ಚಿದ್ದರಿಂದ ಅವರು ಆ ಹೊತ್ತಿಗಾಗಲೇ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಕಂಪನಿಗೆ ಅವರ ಧ್ವನಿ ಮಾತ್ರ ಗೊತ್ತು. ಧ್ವನಿ ಸರಿಯಾಗೇ ಇತ್ತು.

"ಹೇಳಿಬಿಡೋಣ," ಎಂದಳು ಅವಳು.

"ಏನಂತ? ಕುರುಡ ಆದೆ ಅಂತಾನಾ?" ಎಂದರು ಮೇಷ್ಟ್ರು. "ಆಫೀಸಲ್ಲಿ ನಕ್ಷೆ ಬರೀತಿದ್ದ ಹಿರಿಯರ ಕೈ ನಡುಗೋಕೆ ಶುರುವಾದಾಗ ಏನು ಮಾಡಿದರು ಗೊತ್ತಲ್ಲ. ಹಾರ ಹಾಕಿ ಕಳಿಸಿದರು. ನನಗಿನ್ನೂ ಆಪರೇಷನ್ ಇದೆ. ಅಲ್ಲೀವರೆಗೆ ನೀನು ಓದು, ನಾನು ಹೇಳಿದ್ದನ್ನ ಒತ್ತು. ಯಾರಿಗೂ ಗೊತ್ತಾಗಲ್ಲ."

ಕುರುಡರಿಗೆ ಕಂಪ್ಯೂಟರಿನ ಪರದೆ ಓದಿ ಹೇಳುವ ಸಾಫ್ಟ್‌ವೇರ್ ಇದೆ ಎಂದು ಡಾಕ್ಟರ ಸಹಾಯಕಿ ಹೇಳಿದ್ದಳು. ಮೇಷ್ಟ್ರು ಆ ಮಾತು ಕಿವಿಗೇ ಹಾಕಿಕೊಳ್ಳಲಿಲ್ಲ. ಅದನ್ನು ತಂದರೆ ಮನೆಯೊಳಗೇ ಒಪ್ಪಿಕೊಂಡ ಹಾಗಾಗುತ್ತದೆ. ಹೆಂಡತಿ ಓದಿದರೆ ಒಪ್ಪಿಕೊಂಡ ಹಾಗಾಗುವುದಿಲ್ಲ.

ಹೀಗೆ ಅವಳು ಅಂಗಡಿ ಬಿಟ್ಟಳು. ಸ್ವಲ್ಪ ದಿನ ಎಂದು ಹೇಳಿ ಬಿಟ್ಟಳು. ಮಾಲೀಕ ಯಂತ್ರದ ಮೇಲೆ ಬಟ್ಟೆ ಮುಚ್ಚಿ, "ಜಾಗ ಹಾಗೇ ಇರುತ್ತೆ, ಬಾ," ಎಂದಿದ್ದ.

ಮನೆಯ ಒಳಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ. ಕಿಟಕಿಗೆ ಪರದೆ ಎಳೆದಿರುತ್ತಿತ್ತು. ಬಿಸಿಲು ಬಿದ್ದರೆ ಅವಳಿಗೆ ಅಕ್ಷರ ಕಾಣುತ್ತಿರಲಿಲ್ಲ. ಇಂಗ್ಲಿಷ್ ಅವಳಿಗೆ ಶಾಲೆಯಲ್ಲಿ ಕಲಿತಷ್ಟು, ಬಟ್ಟೆಯ ಲೇಬಲ್ಲಿನಲ್ಲಿ ಓದುವಷ್ಟು. ಮೊದಲ ದಿನ ಮೇಷ್ಟ್ರು, ಹೊಸಬರಿಗೆ ಹೇಳುತ್ತಿದ್ದಷ್ಟೇ ತಾಳ್ಮೆಯಿಂದ ಪಾಠ ಶುರುಮಾಡಿದರು.

"ಯಾರೋ ಲಿಫ್ಟಿನ ಗುಂಡಿ ಒತ್ತಿದರು ಅನ್ನು. ಅದು ಒಂದು ಕರೆ. ಒಂದೊಂದು ಕರೆಗೂ ಒಂದೊಂದು ಕೊಂಡಿ ಮಾಡ್ತೀನಿ. ಕೊಂಡಿಗೆ ಕೊಂಡಿ ಸೇರಿ ಸರಪಳಿ. ಈ ಕೊಂಡಿಗೆ ಮುಂದಿನದು ಎಲ್ಲಿದೆ ಅನ್ನೋ ವಿಳಾಸ ಮಾತ್ರ ಗೊತ್ತಿರುತ್ತೆ. ವಿಳಾಸ ಹಿಡ್ಕೊಂಡು ಒಂದರಿಂದ ಒಂದಕ್ಕೆ ಹೋಗ್ಬೇಕು. ಆಯ್ತಾ?"

"ಆಯ್ತು."

"ಈಗ ಸಾಲು ಓದು. ಹೆಸರು ಹೆಸರಿನ ಮಧ್ಯೆ ಚುಕ್ಕೆ ಇದ್ದರೆ ವಸ್ತು ನಿನ್ನ ಕೈಯಲ್ಲೇ ಇದೆ ಅಂತ. ಅದರೊಳಗೆ ಕೈಹಾಕಿ ತಗೋಬಹುದು. ಸಣ್ಣ ಗೆರೆ ಎಳೆದು ಮೊನೆ ಇಟ್ಟಿದ್ದರೆ ಅದು ಬಾಣ. ಬಾಣ ಬಂದರೆ ನಿನ್ನ ಕೈಯಲ್ಲಿರೋದು ಬರೀ ವಿಳಾಸ. ಆ ಜಾಗಕ್ಕೆ ಹೋಗಿ, ಅಲ್ಲಿರೋದರ ಒಳಗಿಂದ ತರಬೇಕು."

ಅವಳು ಸ್ವಲ್ಪ ಯೋಚಿಸಿ ಹೇಳಿದಳು: "ಅಂಗಿಗೇ ಹೊಲಿದ ಜೇಬು ಚುಕ್ಕೆ. ಜೇಬಲ್ಲಿಟ್ಟ ಅಂಗಡಿ ಚೀಟಿ ಬಾಣ."

"ಹೂಂ, ಹಾಗೇ ಅಂದ್ಕೋ. ಓದು."

"ಪಿ ಬಾಣ ಕಾಲ್ ಚುಕ್ಕೆ ಫ್ಲೋರ್…" ಎಂದು ಅವಳು ಬೆರಳಿಟ್ಟು ಓದಿದಳು. ಕೊಂಡಿಯ ವಿಳಾಸ, ಅದರೊಳಗೆ ಕರೆ, ಕರೆಯೊಳಗೆ ಮಹಡಿ, ಮಹಡಿಗೆ ಬಾಗಿಲು. ಡಬ್ಬಿಯೊಳಗೆ ಡಬ್ಬಿ. ಆ ದಿನ ಅವಳಿಗೆ ಖುಷಿಯೇ ಆಗಿತ್ತು. ಗಂಡ ಇಷ್ಟು ವರ್ಷ ಬಾಗಿಲು ಹಾಕಿಕೊಂಡು ಏನು ಮಾಡುತ್ತಿದ್ದರು ಎಂದು ಮೊದಲ ಸಲ ಕಂಡ ಖುಷಿ.

ಖುಷಿ ಬಹಳ ದಿನ ಬಾಳಲಿಲ್ಲ. ಸಾವಿರಾರು ಸಾಲು. ಅವಳು ತಡವರಿಸಿದರೆ ಮೇಷ್ಟ್ರು ಮೇಜು ಕುಟ್ಟುತ್ತಿದ್ದರು. ಮನಸ್ಸಿನಲ್ಲಿ ಅವರು ಓಡುತ್ತಿದ್ದರು, ಅವಳು ಹಿಂದೆ ಕುಂಟುತ್ತಿದ್ದಳು. ಒಂದು ಮಧ್ಯಾಹ್ನ ರೇಗಿ ಹೇಳಿದರು:

"ಚುಕ್ಕೆ ಬಾಣ, ಚುಕ್ಕೆ ಬಾಣ ಅಂತ ಕೂತ್ಕೊಂಡರೆ ಯುಗ ಆಗುತ್ತೆ. ಎರಡಕ್ಕೂ 'ಒಳಗೆ' ಅನ್ನು, ಸಾಕು. ಎಲ್ಲಿ ಯಾವುದಿದೆ ಅಂತ ನನಗೆ ಗೊತ್ತು. ನಾನು ತಾನೇ ಬರೆದಿದ್ದು."

ಅಂದಿನಿಂದ ಅವಳು ಒಳಗೆ, ಒಳಗೆ, ಒಳಗೆ ಎಂದು ಓದಿದಳು. ಗಾಣದ ಎತ್ತಿಗೆ ದಾರಿ ನೋಡುವ ಕೆಲಸ ಇರುವುದಿಲ್ಲ. ಬೆಳಿಗ್ಗೆ ಕಾಫಿ ಇಟ್ಟು ಕೂತರೆ ಊಟಕ್ಕೆ ಏಳುವುದು, ಊಟ ಮುಗಿಸಿ ಕೂತರೆ ಕತ್ತಲಾಗುವುದು. ತರಕಾರಿಗೆ ಹೋದರೂ ಜೇಬಿನ ಫೋನು ಬಡಿದುಕೊಳ್ಳುತ್ತಿತ್ತು. "ಎಲ್ಲಿದ್ದೀಯ? ಮೇಲ್ ಬಂದಿರುತ್ತೆ, ಬೇಗ ಬಾ." ಹಾಸ್ಟೆಲ್ಲಿನಲ್ಲಿ ಓದುತ್ತಿದ್ದ ಮಗಳು ವಿಡಿಯೋ ಕರೆ ಮಾಡಿದಾಗ ಅವಳೇ ಫೋನನ್ನು ಹಿಡಿದು, ಮೊಣಕೈಯಿಂದ ಗಂಡನ ಭುಜ ತಿರುಗಿಸುತ್ತಿದ್ದಳು.

"ಅಪ್ಪ ಯಾಕಮ್ಮ ಬೇರೆ ಕಡೆ ನೋಡ್ತಾರೆ?"

"ಕತ್ತು ನೋವು ಕಣೇ."

"ಕತ್ತು ನೋವು ಹೋದ ಸಲನೂ ಇತ್ತು."

"ವಯಸ್ಸಾಯ್ತಲ್ಲ," ಎಂದು ಮೇಷ್ಟ್ರೇ ನಕ್ಕರು. ಫೋನಿಟ್ಟ ಮೇಲೆ ಅವರು, "ಎಲ್ಲಿಗೆ ನಿಲ್ಲಿಸಿದ್ದೆ?" ಎಂದರು. ಅವಳು ಓದತೊಡಗಿದಳು.

ಆಪರೇಷನ್ನಿನ ಮಾತು ತಾನಾಗೇ ಕಡಿಮೆಯಾಯಿತು. ಡಾಕ್ಟರ ಬಳಿ ಕೊನೆಯ ಸಲ ಹೋದಾಗ ಅವರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಹಾಕಿ, "ನೋಡೋಣ," ಎಂದಿದ್ದರು. ಆ ಪೆನ್ನನ್ನು ಅವಳು ಕಂಡಳು, ಮೇಷ್ಟ್ರಿಗೆ 'ನೋಡೋಣ' ಮಾತ್ರ ಕೇಳಿಸಿತು.

ಅಷ್ಟರಲ್ಲಿ ಒಂದು ದೊಡ್ಡ ವಸತಿ ಕಟ್ಟಡದಿಂದ ದೂರು ಬಂತು. ಲಿಫ್ಟು ಮಹಡಿಗೆ ಬಂದು ನಿಲ್ಲುತ್ತದೆ, ಆದರೆ ಬಾಗಿಲು ತೆಗೆಯುವುದಿಲ್ಲ, ಬೇರೆ ಕಡೆಗೂ ಹೋಗುವುದಿಲ್ಲ. ಒಮ್ಮೆ ಸಕ್ಕರೆ ಕಾಯಿಲೆಯ ಮುದುಕಿಯೊಬ್ಬಳು ಸಂತೆ ಚೀಲದ ಸಮೇತ ಒಳಗೆ ಸಿಕ್ಕಿಬಿದ್ದು, ಹೊರತೆಗೆಯುವಷ್ಟರಲ್ಲಿ ಮಾತು ತೊದಲುತ್ತಿದ್ದಳಂತೆ. ದಿನಾ ಆಗುವುದಿಲ್ಲ, ಯಾವಾಗಲೋ ಒಮ್ಮೆ. ಆಫ್ ಮಾಡಿ ಆನ್ ಮಾಡಿದರೆ ಏನೂ ಆಗದ ಹಾಗೆ ಓಡುತ್ತದೆ.

"ಮೇಷ್ಟ್ರೇ, ಇದು ನಿಮ್ಮ ಕೂಸು, ನೀವೇ ನೋಡ್ಬೇಕು," ಎಂದರು ಮ್ಯಾನೇಜರು.

ಮೇಷ್ಟ್ರು ನೋಡಿದರು ಎಂದರೆ ಅವಳು ಓದಿದಳು. ಬಾಗಿಲಿನ ಭಾಗ, ಸರಪಳಿಯ ಭಾಗ, ಕಾಯುವ ಭಾಗ. ಅವರು ಗಲ್ಲಕ್ಕೆ ಕೈಕೊಟ್ಟು ಕೇಳಿ, "ಸರಿ ಇದೆಯಲ್ಲ," ಎನ್ನುತ್ತಿದ್ದರು. ಮತ್ತೆ ಮೊದಲಿಂದ. ಪಕ್ಕದ ಮನೆಯವರ ಕುಕ್ಕರ್ ಕೂಗುವುದು, ಕೆಳಗೆ ಯಾರೋ ಬೈಕು ಒದೆಯುವುದು, ಎಲ್ಲ ಕಿಟಕಿಯ ಪರದೆಯ ಆಚೆಗೆ. ಅವಳಿಗೆ ನಿದ್ದೆಯಲ್ಲೂ 'ಒಳಗೆ' ಎಂದು ಬಾಯಿ ಆಡುತ್ತಿತ್ತು.

ಒಂದು ಬೆಳಿಗ್ಗೆ ಬಾಗಿಲು ಬಡಿಯಿತು. ತೆಗೆದರೆ ಸ್ಪ್ಯಾನರ್. ಕಂಪನಿಯ ಹಳೆಯ ಮೆಕ್ಯಾನಿಕ್. ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಸದಾ ಒಂದು ಸ್ಪ್ಯಾನರ್ ಇರುತ್ತಿದ್ದುದರಿಂದ ಎಲ್ಲರಿಗೂ ಅವನು ಸ್ಪ್ಯಾನರ್ರೇ. ಆ ಜೇಬು ಹರಿದಾಗೆಲ್ಲ ಹಿಂದೆ ಇವಳೇ ಹೊಲಿದುಕೊಟ್ಟಿದ್ದಳು.

"ಅತ್ತಿಗೆ, ಮೇಷ್ಟ್ರಿದ್ದಾರಾ? ಫೋನಲ್ಲಿ ಆಗಲ್ಲ ಅಂತ ಲಿಫ್ಟಿನ ಕಂಟ್ರೋಲ್ ಬೋರ್ಡೇ ತಂದುಬಿಟ್ಟೆ."

ಅವಳಿಗೆ ಉಗುಳಲೂ ಆಗದ, ನುಂಗಲೂ ಆಗದ ಬಿಸಿ ತುತ್ತು ಬಾಯಲ್ಲಿಟ್ಟ ಹಾಗಾಯಿತು. ಒಳಗಿನಿಂದ ಮೇಷ್ಟ್ರು ಧ್ವನಿ ಎತ್ತಿ, "ಬಾರೋ, ಬಾ," ಎಂದರು. ಬಂದವನಿಗೆ ಎದುರಾಗಿ ಕೂತು, ಬೋರ್ಡನ್ನು ಮಡಿಲಲ್ಲಿಟ್ಟುಕೊಂಡು, ಬೆರಳಿನಿಂದ ಚಿಪ್‌ಗಳ ಅಂಚು ಸವರುತ್ತ ಮಾತಾಡಿದರು. ಚೆನ್ನಾಗಿಯೇ ನಡೆಯಿತು. ಅವಳು ಚಹಾ ತಂದು ಎಂದಿನ ಹಾಗೆ ಗಂಡನ ಕೈಗೆ ಲೋಟ ತಾಗಿಸಿ ಇಟ್ಟಳು. ಸ್ಪ್ಯಾನರ್ ಒಂದು ಫೋಟೋ ತೋರಿಸಲು ಫೋನು ಮುಂದೆ ಚಾಚಿದ.

"ನೋಡಿ ಮೇಷ್ಟ್ರೇ, ಈ ಕೆಂಪು ದೀಪ ಉರೀತಾ ಇರುತ್ತೆ ಆಗ."

"ಹೌದು, ಹೌದು," ಎಂದು ಮೇಷ್ಟ್ರು ತಲೆಯಾಡಿಸಿದರು. ಅವರ ಮುಖ ಫೋನಿನ ಕಡೆ ಇತ್ತು. ಆದರೆ ಸ್ಪ್ಯಾನರ್ ಫೋಟೋ ಇನ್ನೂ ತೆರೆದೇ ಇರಲಿಲ್ಲ, ಪರದೆ ಕಪ್ಪಾಗಿತ್ತು.

ಅವನು ಸ್ವಲ್ಪ ಹೊತ್ತು ಮೇಷ್ಟ್ರ ಮುಖವನ್ನೇ ನೋಡಿದ. ಆಮೇಲೆ ಏನೂ ಆಗದವನಂತೆ ಫೋನು ಜೇಬಿಗಿಳಿಸಿ, "ಜಾಗದಲ್ಲೇ ನೋಡ್ಬೇಕು ಅಂತಾರೆ ಮ್ಯಾನೇಜರು. ನೀವೇ ಬರ್ಬೇಕಂತೆ. ಆ ಮುದುಕಿ ಮಗ ವಕೀಲ," ಎಂದ.

ಅವಳು ಮೆಟ್ಟಿಲ ತನಕ ಕಳಿಸಲು ಹೋದಳು. ಅವನು ಎರಡು ಮೆಟ್ಟಿಲು ಇಳಿದು ನಿಂತ.

"ಯಾವಾಗಿಂದ ಅತ್ತಿಗೆ?"

ಅವಳು ಗೋಡೆಯ ಸುಣ್ಣ ಉಗುರಿನಿಂದ ಕೆರೆದಳು.

"ನಾನು ಯಾರಿಗೂ ಹೇಳಲ್ಲ. ಆದರೆ ಇದು ಲಿಫ್ಟು. ಒಳಗೆ ಜನ ಇರ್ತಾರೆ," ಎಂದು ಹೇಳಿ ಅವನು ಇಳಿದುಹೋದ.

ಹೋಗದೆ ವಿಧಿ ಇರಲಿಲ್ಲ. ಮೇಷ್ಟ್ರು ಕಪ್ಪು ಕನ್ನಡಕ ಹಾಕಿಕೊಂಡರು. ಯಾರಾದರೂ ಕೇಳಿದರೆ ಕಣ್ಣು ಕೆಂಪಾಗಿದೆ ಎಂದು ಹೇಳುವುದು, ಲ್ಯಾಪ್‌ಟಾಪ್ ಹೊರಲು ಹೆಂಡತಿಯನ್ನು ಕರೆತಂದದ್ದು ಎಂದು ನಗುವುದು ಎಂಬುದೆಲ್ಲ ಮೊದಲೇ ಗೊತ್ತುಮಾಡಿಕೊಂಡರು. ಅವಳ ತೋಳು ಹಿಡಿದ ಅವರ ಬೆರಳು ಬೀದಿಯುದ್ದಕ್ಕೂ ಒತ್ತುತ್ತಲೇ ಇತ್ತು.

ಸ್ಪ್ಯಾನರ್ ಮೇಲೆ, ಮಾಳಿಗೆಯ ಯಂತ್ರದ ಕೋಣೆಯಲ್ಲಿ ನಿಂತ. ಗಂಡ ಹೆಂಡತಿ ಲಿಫ್ಟಿನೊಳಗೆ. ಗುಂಡಿಗಳ ತಗಡಿನ ಕೆಳಗೆ ಒಂದು ಸಣ್ಣ ತೂತು. ಅದಕ್ಕೆ ತಂತಿ ಚುಚ್ಚಿದರೆ ಲಿಫ್ಟಿನ ತಲೆಯೊಳಗೆ ಆ ಗಳಿಗೆಯಲ್ಲಿ ಏನಿದೆ ಎಂಬುದು ಲ್ಯಾಪ್‌ಟಾಪಿನಲ್ಲಿ ಕಾಣುತ್ತದೆ. ಅವಳು ಒಂದು ಮೂಲೆಯಲ್ಲಿ ನೆಲಕ್ಕೆ ಕೂತು ಲ್ಯಾಪ್‌ಟಾಪನ್ನು ಮಡಿಲಲ್ಲಿಟ್ಟುಕೊಂಡಳು. ಬೆಳಗಿನಿಂದ ಮೇಲೆ ಕೆಳಗೆ, ಮೇಲೆ ಕೆಳಗೆ. ಜನ ಹತ್ತಿದರು, ಇವರನ್ನು ವಿಚಿತ್ರವಾಗಿ ನೋಡಿದರು, ಇಳಿದರು. ಒಬ್ಬ ಹೆಂಗಸಿನ ನಾಯಿ ಅವಳ ಕಾಲು ಮೂಸಿತು. ಲಿಫ್ಟು ಒಂದು ಸಲವೂ ಕೈಕೊಡದೆ ಓಡಿತು.

"ಇನ್ನೊಂದು ಸುತ್ತು. ಆರು ಒತ್ತು," ಎಂದರು ಮೇಷ್ಟ್ರು.

ಅವಳು ಆರು ಒತ್ತಿದಳು. ಆಗ ಅವರಿಗೆ ಗೊತ್ತಿರಲಿಲ್ಲ, ಆರನೇ ಮಹಡಿಯಲ್ಲಿ ನೆಲ ಒರೆಸುವವಳು ನೀರು ಚೆಲ್ಲಿದ್ದರಿಂದ ಗೋಡೆಯ ಬೀಗದ ಕೀ ತಿರುಗಿಸಿ ಆ ಮಹಡಿಯ ಬಾಗಿಲನ್ನು ಬಂದ್ ಮಾಡಿದ್ದಳು. ಲಿಫ್ಟು ಮಧ್ಯೆ ಎರಡು ಕಡೆ ನಿಂತು, ಜನರನ್ನು ಇಳಿಸಿ, ಆರಕ್ಕೆ ಬಂತು. ನಿಂತಿತು. ಬಾಗಿಲು ತೆಗೆಯಲಿಲ್ಲ.

ಮೇಷ್ಟ್ರ ಮುಖ ಅರಳಿತು. "ಸಿಕ್ಕಿಬಿತ್ತು," ಎಂದರು. ಸಿಕ್ಕಿಬಿದ್ದದ್ದು ಯಾರು ಎಂದು ಅವಳು ಕೇಳಲಿಲ್ಲ. ಅವರು ಫೋನಿನಲ್ಲಿ ಸ್ಪ್ಯಾನರ್‌ಗೆ, "ಏನೂ ಮುಟ್ಟಬೇಡ. ಆಫ್ ಮಾಡಿದರೆ ಒಳಗಿರೋದೆಲ್ಲ ಅಳಿಸಿಹೋಗುತ್ತೆ. ನಾನು ಹೇಳೋವರೆಗೆ ಕೈ ಕಟ್ಟಿ ನಿಂತ್ಕೋ," ಎಂದರು.

ಅವಳು ಪರದೆ ನೋಡಿದಳು. ಅಕ್ಷರಗಳು ಸಾಲುಗಟ್ಟಿ ನಿಂತಿದ್ದವು. ಸ್ವಲ್ಪ ಹೊತ್ತಿಗೆ ಫ್ಯಾನು ನಿಂತಿತು. ಆಮೇಲೆ ದೀಪವೂ ಆರಿತು. ಯಾರೂ ಅಲುಗಾಡದಿದ್ದರೆ ಕರೆಂಟು ಉಳಿಸಲು ಅದು ಹಾಗೆ ಮಾಡುತ್ತದೆ. ನಾಲ್ಕು ಕಡೆ ತಗಡು, ಮಡಿಲಲ್ಲಿ ನೀಲಿ ಬೆಳಕು.  

"ದೀಪ ಹೋಯ್ತು ರೀ."

"ಹೋಗಲಿ ಬಿಡು. ನನಗೇನೂ ವ್ಯತ್ಯಾಸ ಕಾಣ್ತಿಲ್ಲ." ಅವರು ನಕ್ಕರು. ಬಹಳ ದಿನದ ಮೇಲೆ ನಕ್ಕಿದ್ದರು. "ಓದು. ಸರಪಳಿಯ ಮೊದಲ ಕೊಂಡಿ."

"ಉಸಿರಾಡೋಕೆ ಆಗ್ತಿಲ್ಲ ನನಗೆ. ತೆಗೆಸಿ, ಆಮೇಲೆ ನೋಡೋಣ."

"ಆಮೇಲೆ ಏನೂ ಇರಲ್ಲ. ಓದೇ."

ಅವಳು ಓದಿದಳು. ಮೊದಲ ಕೊಂಡಿಯಲ್ಲಿ ಆರನೇ ಮಹಡಿಯ ಕರೆ. ಕರೆಯೊಳಗೆ ಮಹಡಿ. ಮಹಡಿಯೊಳಗೆ ಬಾಗಿಲು. ಬಾಗಿಲು: ಬಂದ್.

"ಬಂದ್?" ಎಂದು ಮೇಷ್ಟ್ರು ಫೋನಿನಲ್ಲಿ ಕೂಗಿದರು. "ಆರನೇ ಮಹಡಿ ಬಾಗಿಲು ಬಂದ್ ಮಾಡಿದ್ದೀಯೇನೋ?"

"ಇಲ್ಲ ಮೇಷ್ಟ್ರೇ. ಒರೆಸೋಳು ಮಾಡಿದ್ದಳು, ಆಗಲೇ ಬಿಡಿಸಿದಾಳೆ. ಇಲ್ಲಿ ಹಸಿರು ತೋರಿಸ್ತಿದೆ."

"ಹಾಗಿದ್ದರೆ ಇಲ್ಲಿ ಬಂದ್ ಅಂತ ಹೇಗೆ ಬರುತ್ತೆ?" ಅವರು ಗೋಡೆಗೆ ಒರಗಿದರು. "ನಾನು ಕರೆಯಲ್ಲಿ ಮಹಡಿ ಇಡೋದೇ ಇಲ್ಲ. ಮಹಡಿಯ ವಿಳಾಸ ಇಡ್ತೀನಿ. ಬಾಗಿಲು ತೆಗೆಯೋ ಗಳಿಗೇಲಿ ಆ ಮಹಡಿಗೇ ಹೋಗಿ, ಆಗ ಹೇಗಿದೆಯೋ ಹಾಗೆ ನೋಡ್ತೀನಿ. ಆ ಸಾಲು ಓದು ಇನ್ನೊಂದು ಸಲ."

"ಪಿ ಒಳಗೆ ಕಾಲ್ ಒಳಗೆ ಫ್ಲೋರ್ ಒಳಗೆ ಡೋರ್."

"ಸರಿ ಇದೆ. ಸರಿಯಾಗೇ ಇದೆ ಸಾಲು."

ಬೆವರು ಅವಳ ಕಣ್ಣಿಗಿಳಿಯಿತು. ಒರೆಸಿಕೊಂಡು ಮತ್ತೆ ನೋಡಿದಳು. ಯಾಕೋ ಈ ಸಲ ಬಾಯಿ ಮೊದಲ ದಿನದ ಹಾಗೆ ಓದಿತು.

"ಪಿ ಬಾಣ ಕಾಲ್ ಚುಕ್ಕೆ ಫ್ಲೋರ್ ಚುಕ್ಕೆ ಡೋರ್."

ಮೇಷ್ಟ್ರು ಅಲುಗಾಡಲಿಲ್ಲ. "ಏನಂದೆ? ಫ್ಲೋರ್ ಆದ ಮೇಲೆ?"

"ಚುಕ್ಕೆ."

"ಬಾಣ ಇರಬೇಕು ಅಲ್ಲಿ. ಸರಿಯಾಗಿ ನೋಡು."

"ಚುಕ್ಕೆ ಕಂಡ್ರೆ ಚುಕ್ಕೆ ಅನ್ನದೆ ಏನನ್ನಲಿ? ಒಂದೇ ಒಂದು ಚುಕ್ಕೆ ಇದೆ."

ಅವರು ತಲೆಯ ಮೇಲೆ ಕೈಯಿಟ್ಟುಕೊಂಡರು. ಅವರ ತುಟಿ ಮಾತ್ರ ಅಲುಗಿತು, ಲೆಕ್ಕ ಹಾಕುವವರ ಹಾಗೆ. ಯಾರೋ ಹೊಸಬರು, ವಿಳಾಸ ತಪ್ಪಿದರೆ ಪ್ರೋಗ್ರಾಮ್ ಬಿದ್ದುಹೋಗುತ್ತದೆ ಎಂದು ಹೆದರಿ, ವಿಳಾಸದ ಬದಲು ಇಡೀ ಮಹಡಿಯನ್ನೇ ನಕಲು ಮಾಡಿ ಕರೆಯೊಳಗೆ ತುರುಕಿದ್ದರು. ಗುಂಡಿ ಒತ್ತಿದ ಗಳಿಗೆಯಲ್ಲಿ ಬಾಗಿಲು ಬಂದ್ ಇದ್ದರೆ, ಆ ಕರೆಯ ಪಾಲಿಗೆ ಅದು ಎಂದೆಂದಿಗೂ ಬಂದ್. ಅದಕ್ಕೇ ಬಾಗಿಲು ತೆಗೆಯುವ ಭಾಗ ತೆಗೆಯುವುದಿಲ್ಲ. ಕಾಯುವ ಭಾಗ ನಿಜವಾದ ಮಹಡಿಯನ್ನು ನೋಡುತ್ತದೆ. ಅಲ್ಲಿ ಬಾಗಿಲು ಸರಿ ಇದೆ, ಹಾಗಾಗಿ ತೆಗೆದು ಜನ ಇಳಿಯುವ ತನಕ ಅಲುಗಲು ಬಿಡುವುದಿಲ್ಲ. ಒಬ್ಬ ತೆಗೆಯಲಾರೆ ಅನ್ನುತ್ತಾನೆ, ಇನ್ನೊಬ್ಬ ತೆಗೆಯದೆ ಹೋಗಬೇಡ ಅನ್ನುತ್ತಾನೆ. ಮಧ್ಯೆ ಮುದುಕಿ, ಸಂತೆ ಚೀಲ.

ಇದನ್ನೆಲ್ಲ ಮೇಷ್ಟ್ರು ಕತ್ತಲೆಗೆ ಹೇಳಿದರು. ಅವಳಿಗೆ ಅರ್ಥವಾಯಿತು. "ಹೋದ ವರ್ಷದ ಅಳತೆ ಇಟ್ಕೊಂಡು ಈ ವರ್ಷ ಅಂಗಿ ಹೊಲಿದ ಹಾಗೆ," ಎಂದಳು.

ಅದಕ್ಕೆ ಅವರು ಹೂಂ ಅನ್ನಲಿಲ್ಲ. "ಎಷ್ಟು ಸಲ ಈ ಸಾಲು ಓದಿಸಿದೆ ನಿನ್ನ ಹತ್ರ?" ಎಂದರು. ಧ್ವನಿ ಬದಲಾಗಿತ್ತು. "ಒಂದು ಸಲವಾದರೂ ಚುಕ್ಕೆ ಅಂದೆಯಾ? ಇಷ್ಟು ದಿನ ನನಗೆ ಸುಳ್ಳು ಓದಿ ಹೇಳಿದ್ದೀಯ."

"ನೀವೇ ಹೇಳಿದ್ದು ಒಳಗೆ ಅನ್ನು ಅಂತ."

"ಬುದ್ಧಿ ಬೇಡವಾ? ಚುಕ್ಕೆ ಬಾಣದ ವ್ಯತ್ಯಾಸ ಮೊದಲ ದಿನವೇ ಹೇಳಿಕೊಟ್ಟಿದ್ದೆ."

"ಗೊತ್ತಿತ್ತು. ನಿಮಗೇ ಬೇಡವಾಗಿತ್ತು."

ತಗಡಿನ ಆಚೆ, ಒಂದು ಮೊಳ ದೂರದಲ್ಲಿ ಯಾರೋ ಬಕೆಟ್ ಎಳೆಯುವ ಸದ್ದು. ಹಾಡು ಗುನುಗುವ ಸದ್ದು. ಅವಳು ಎದ್ದು ಬಾಗಿಲಿಗೆ ಅಂಗೈ ಇಟ್ಟಳು. ತಣ್ಣಗಿತ್ತು.

"ಸಿಕ್ಕಿತಲ್ಲ. ತೆಗೆಸಿ ಈಗ."

"ಎರಡನೇ ಕೊಂಡಿನೂ ನೋಡ್ಬೇಕು. ಕೂತ್ಕೋ."

"ನನ್ನ ಕೈಲಾಗಲ್ಲ."

"ಐದು ನಿಮಿಷ ಕೂತ್ಕೊಳ್ಳೋಕಾಗಲ್ವಾ? ನಾನು ಹೀಗೇ ಕೂತಿಲ್ವಾ ಇಷ್ಟು ತಿಂಗಳಿಂದ, ಕತ್ತಲಲ್ಲಿ?"

"ನಾನೂ ಕೂತಿದ್ದೆ ರೀ. ಪಕ್ಕದ ಕುರ್ಚೀಲಿ," ಎಂದಳು ಅವಳು. ಕೂಗಲಿಲ್ಲ. ಅವರ ಕೈಯಿಂದ ಫೋನು ತೆಗೆದುಕೊಂಡಳು. ಅವರು ಬಿಗಿಹಿಡಿದಿದ್ದರು, ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು. "ತೆಗಿಯಪ್ಪಾ," ಎಂದಳು.

"ಮೇಷ್ಟ್ರು ಹೇಳಿದರಾ?" ಎಂದ ಸ್ಪ್ಯಾನರ್.

"ನಾನು ಹೇಳ್ತಿದ್ದೀನಿ."

ಮೇಲೆ ಏನೋ ಕಳಚಿದ ಸದ್ದಾಯಿತು. ಪರದೆಯ ಮೇಲಿನ ಸಾಲುಗಳು ಮಾಯವಾದವು. ಬಾಗಿಲು ತೆರೆದಾಗ ನೆಲ ಒರೆಸುವವಳು ಕೋಲಿಗೆ ಗಲ್ಲವೂರಿ ನಿಂತಿದ್ದಳು.

"ಅಯ್ಯೋ, ಒಳಗೇ ಇದ್ರಾ? ನಾನು ಇಲ್ಲೇ ಒರೆಸ್ತಾ ಇದ್ದೆ. ಒಂದು ಸದ್ದೂ ಬರಲಿಲ್ಲವಲ್ಲ."

ಅವಳು ಗಂಡನನ್ನು ಹೊರಗೆ ಕರೆತಂದು ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದಳು. ಸ್ಪ್ಯಾನರ್ ಓಡಿಬರುವ ತನಕ ಕಾದು, ಅವನಿಗೆ ಒಪ್ಪಿಸಿ, ಒಬ್ಬಳೇ ಮೆಟ್ಟಿಲಿಳಿದಳು. ಆರು ಮಹಡಿ. ಕೆಳಗೆ ತೋಟದ ನಲ್ಲಿಗೆ ಬಾಯಿ ಕೊಟ್ಟು ನೀರು ಕುಡಿದಳು, ಮುಖ ತೊಳೆದಳು, ಕಟ್ಟೆಯ ಮೇಲೆ ಕೂತಳು. ಗಂಡನ ಫೋನು ಅವಳ ಕೈಯಲ್ಲೇ ಇತ್ತು. ಅದು ಬಡಿದುಕೊಂಡಿತು.

"ಮೇಷ್ಟ್ರೇ, ಏನಾಯ್ತು? ಸಿಕ್ಕಿತಾ?" ಮ್ಯಾನೇಜರು.

"ಸಿಕ್ಕಿತು ಸಾರ್. ನಾನು ಅವರ ಮನೆಯವಳು ಮಾತಾಡ್ತಿರೋದು."

"ಅವರೆಲ್ಲಿ?"

ಅವಳು ಮೇಲೆ ನೋಡಿದಳು. ಅಷ್ಟು ಕಿಟಕಿಗಳಲ್ಲಿ ಆರನೆಯದು ಯಾವುದೆಂದು ಎಣಿಸಲು ಹೋಗಲಿಲ್ಲ. "ಸಾರ್, ಅವರಿಗೆ ಕಣ್ಣು ಕಾಣಲ್ಲ. ಬಹಳ ದಿನ ಆಯ್ತು. ನಾನೇ ಓದಿ ಹೇಳ್ತಿದ್ದೆ. ತಪ್ಪು ಬೇಗ ಸಿಗದೆ ಇದ್ದದ್ದು ಅದಕ್ಕೇ," ಎಂದಳು.

ಲೈನು ಹೋಯಿತೇನೋ ಎಂದುಕೊಂಡಳು.

"ಆಯ್ತಮ್ಮ," ಎಂದರು ಮ್ಯಾನೇಜರು ಕೊನೆಗೆ. "ಮೊದಲು ಅದನ್ನ ಸರಿಮಾಡಿ ಕಳಿಸಿ. ಆಮೇಲೆ ಮಾತಾಡೋಣ."

ಮನೆಗೆ ಬಂದ ಮೇಲೆ ಮೇಷ್ಟ್ರಿಗೆ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನ್ನ ಮಾನ ತೆಗೆದೆ," ಎಂದರು. ಆಮೇಲೆ ಪ್ರತಿ ಚುಕ್ಕೆ, ಪ್ರತಿ ಬಾಣ, ವಿಳಾಸಕ್ಕೆ ಹಾಕುವ ಪ್ರತಿ ನಕ್ಷತ್ರ ಚಿಹ್ನೆಯನ್ನೂ ಬಿಡಿಸಿ ಬಿಡಿಸಿ ಹೇಳಿ ತಿದ್ದಿಸಿದರು. ನಕಲು ತೆಗೆದು ವಿಳಾಸ ಹಾಕಿಸಿದರು. ಅವಳು ಒತ್ತಿದಳು. ಕೆಲಸದ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ, ಆ ವಾರವೆಲ್ಲ ಇರಲಿಲ್ಲ. ಊಟದ ತಟ್ಟೆಯಲ್ಲಿ ಪಲ್ಯ ಯಾವ ಕಡೆ ಇದೆ ಎಂದು ಅವಳು ಹೇಳಿದರೆ, ಬೇಕೆಂದೇ ಆ ಕಡೆ ಕೈಹಾಕುತ್ತಿರಲಿಲ್ಲ. ಮಗಳು ಕರೆ ಮಾಡಿದಾಗ ಅವಳು ಫೋನನ್ನು ಗಂಡನ ಕೈಗೆ ಕೊಟ್ಟು ಅಡುಗೆಮನೆಗೆ ಹೋದಳು. ಕಣ್ಣಿನ ಸಂಗತಿ ತಿಳಿದು ಫೋನಿನಲ್ಲಿ ಮಗಳು ಅಳುವುದು ಕೇಳಿಸಿತು, ಗಂಡ ಸಮಾಧಾನ ಹೇಳುವುದೂ ಕೇಳಿಸಿತು. ಅವಳು ನಲ್ಲಿ ತಿರುಗಿಸಿ ನೀರು ಬಿಟ್ಟಳು.

ಕಂಪನಿ ಹಾರ ಹಾಕಲಿಲ್ಲ. ಹಾಗೆಂದು ಎದೆಗೂ ಅಪ್ಪಿಕೊಳ್ಳಲಿಲ್ಲ. ಲಿಫ್ಟಿಗೆ ಹೋಗುವ ಸಾಲನ್ನು ಇನ್ನು ಮೇಷ್ಟ್ರು ಒಬ್ಬರೇ ಬರೆಯುವ ಹಾಗಿಲ್ಲ ಎಂದರು. ಹೊಸಬರು ಬರೆದದ್ದನ್ನು ಕೇಳಿ ತಪ್ಪು ಹೇಳಬಹುದು, ಕಲಿಸಬಹುದು. ಪರದೆ ಓದುವ ಸಾಫ್ಟ್‌ವೇರ್ ಬಂತು. ಅದನ್ನು ಹಾಕಿಕೊಡಲು ಬಂದ ಎಂಜಿನಿಯರ್ ಹುಡುಗಿ ವಾರಕ್ಕೆ ಕೆಲವು ದಿನ ಬೆಳಿಗ್ಗೆ ಬಂದು ಅವಳ ಕುರ್ಚಿಯಲ್ಲೇ ಕೂತಳು. ಯಂತ್ರದ ಧ್ವನಿ ಚುಕ್ಕೆ ಇದ್ದಲ್ಲಿ ಚುಕ್ಕೆ ಅನ್ನುತ್ತಿತ್ತು, ಬಾಣ ಇದ್ದಲ್ಲಿ ಬಾಣ. ಯಾವುದನ್ನೂ ಬಿಡದೆ, ಯಾವುದಕ್ಕೂ ಬೇಸರಪಡದೆ ಗಡಗಡ ಓದುತ್ತಿತ್ತು. ಮೇಷ್ಟ್ರು ಅದಕ್ಕೂ ರೇಗುತ್ತಿದ್ದರು. ಅದು ತಿರುಗಿ ಮಾತಾಡುತ್ತಿರಲಿಲ್ಲ.

"ನಿನಗೆ ಬಿಡುಗಡೆ ಆಯ್ತಲ್ಲ, ಹೋಗು," ಎಂದರು ಒಂದು ದಿನ, ಹಣೆ ಗಂಟು ಹಾಕಿಕೊಂಡು.

ಅವಳು ಹೋದಳು. ಅಂಗಡಿಯಲ್ಲಿ ಅವಳ ಯಂತ್ರದ ಮುಂದೆ ಬೇರೊಬ್ಬಳು ಕೂತಿದ್ದಳು. ಮಾಲೀಕ ಮುಜುಗರದಿಂದ ತಲೆ ಕೆರೆದುಕೊಂಡು ಮಧ್ಯಾಹ್ನದ ಪಾಳಿ ಕೊಟ್ಟ, ಅದೂ ಬಾಗಿಲ ಹತ್ತಿರದ ಹಳೆಯ ಯಂತ್ರ. ಮೊದಲ ದಿನ ಒಂದು ಪ್ಯಾಂಟಿನ ಅಂಚು ಹೊಲಿಯುವಾಗ ಅವಳ ಕೈ ಎರಡು ಸಲ ತಪ್ಪಿತು. ಜೇಬಿನ ಫೋನು ಬಡಿದುಕೊಂಡಂತಾಗಿ ತೆಗೆದು ನೋಡಿದಳು. ಯಾರೂ ಮಾಡಿರಲಿಲ್ಲ. ಅದು ಅವಳಿಗೆ ಹಗುರವಾಗಿ ಕಾಣಬೇಕಿತ್ತು, ಕಾಣಲಿಲ್ಲ.

ಆ ತಿಂಗಳ ಕೊನೆಯ ಒಂದು ಸಂಜೆ ಅವಳು ಕೆಲಸ ಮುಗಿಸಿ ಬರುವಾಗ, ಬೀದಿಯ ಈ ಬದಿಯಿಂದಲೇ ಕಂಡಿತು: ಕಟ್ಟಡದ ಗೇಟಿನ ಹತ್ತಿರ ಮೇಷ್ಟ್ರು ನಿಂತಿದ್ದರು. ಮೂರು ಮಹಡಿ ಒಬ್ಬರೇ ಇಳಿದು ಬಂದಿದ್ದರು. ಒಂದು ಕೈ ಗೇಟಿನ ಸರಳಿನ ಮೇಲೆ, ಇನ್ನೊಂದು ಗಾಳಿಯಲ್ಲಿ ಸ್ವಲ್ಪ ಎತ್ತಿದಂತೆ. ಅಂಗಿಯ ಗುಂಡಿ ಒಂದು ಮನೆ ತಪ್ಪಿತ್ತು. ಬೀದಿಯ ಕಡೆಗೆ ಮುಖ ಮಾಡಿ, ಹೋಗುವವರ ಹೆಜ್ಜೆಯ ಕಡೆ ಕಿವಿ ತಿರುಗಿಸುತ್ತಿದ್ದರು. ಯಾರನ್ನೋ ಏನೋ ಕೇಳಿದರು. ಆತ ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದ, ಹಾಗೇ ಹೋದ.

ಅವಳು ರಸ್ತೆ ಬದಿಗೆ ನಿಲ್ಲಿಸಿದ್ದ ವ್ಯಾನಿನ ಮರೆಯಲ್ಲಿ ಹಾಗೇ ನಿಂತಳು. ದಾಟಬಹುದಿತ್ತು, ರಸ್ತೆ ಖಾಲಿ ಇತ್ತು. ದಾಟಲಿಲ್ಲ. ಒಂದು ಬಸ್ಸು ಹೋಯಿತು. ಗೇಟು ಮರೆಯಾಗಿ ಮತ್ತೆ ಕಂಡಿತು, ಅವರು ಅಲ್ಲೇ ಇದ್ದರು. ಎತ್ತಿದ ಕೈ ಈಗ ಇಳಿದಿತ್ತು. ಒಂದು ಕಾಲು ಮುಂದಿಟ್ಟು, ಚರಂಡಿಯ ಅಂಚು ತಾಗಿ, ಹಿಂದಕ್ಕೆಳೆದುಕೊಂಡರು. ಹಿಂದೆ ತಿರುಗಿ ಮೆಟ್ಟಿಲ ದಾರಿ ಹುಡುಕಲೂ ಮನಸ್ಸಿಲ್ಲದವರ ಹಾಗೆ ನಿಂತರು. ಅವಳಿಗೆ ನೋಡುತ್ತ ನಿಲ್ಲುವುದು ಹಿತವಾಗಿತ್ತು, ಆ ಹಿತಕ್ಕೆ ನಾಚಿಕೆಯೂ ಆಯಿತು. ಇನ್ನೊಂದು ಬಸ್ಸು ಹೋಗಲಿ ಎಂದುಕೊಂಡಳು. ಅದೂ ಹೋಯಿತು.

ಅವಳು ರಸ್ತೆ ದಾಟಿದಳು. "ಇಲ್ಲಿ ಯಾಕೆ ನಿಂತಿದ್ದೀರಿ?"

ಮೇಷ್ಟ್ರ ಭುಜ ಇಳಿಯಿತು. "ಗಾಳಿಗೆ."

"ಬಹಳ ಹೊತ್ತಾಯ್ತಾ?"

"ಇಲ್ಲ, ಈಗ ಬಂದೆ." ಅವರು ಸರಳಿನಿಂದ ಕೈ ಬಿಡಿಸಿಕೊಂಡರು. ಅಂಗೈಯಲ್ಲಿ ತುಕ್ಕು, ಬೆರಳಿಗೆ ಅಡ್ಡಲಾಗಿ ಕಬ್ಬಿಣದ ಕೆಂಪು ಗುರುತು. "ನೀನು?"

"ನಾನೂ ಈಗಲೇ ಬಂದೆ."

ಅವರು ಸ್ವಲ್ಪ ಹೊತ್ತು ತಲೆ ವಾಲಿಸಿ ನಿಂತರು, ಆ ಮಾತನ್ನು ಇನ್ನೊಂದು ಸಲ ಕೇಳಿಸಿಕೊಳ್ಳುವವರ ಹಾಗೆ. ಆಮೇಲೆ ತಿರುಗಿ, ಗೋಡೆಗೆ ಕೈಯಿಟ್ಟು ಮೊದಲ ಮೆಟ್ಟಿಲು ಹತ್ತಿದರು. ಅವಳು ತೋಳು ಕೊಡಲಿಲ್ಲ, ಅವರೂ ಕೇಳಲಿಲ್ಲ. ಅವಳು ಹಿಂದೆಯೇ ಹತ್ತಿದಳು.